ಅಮೆರಿಕದಲ್ಲಿ ಸಂಗಾತಿ ತೀರಿಕೊಂಡರೆ: ಸೋಷಿಯಲ್ ಸೆಕ್ಯುರಿಟಿಯಿಂದ ಏನು ಸಿಗುತ್ತದೆ, ಹೇಗೆ ಕೇಳಬೇಕು

1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾಯಿತು. ಆಮೇಲಿನ ವರ್ಷಗಳಲ್ಲಿ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರ ಮೊದಲ ತಲೆಮಾರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಇವರಲ್ಲಿ ಎಷ್ಟೋ ಮನೆಗಳಲ್ಲಿ ಬ್ಯಾಂಕು, ಟ್ಯಾಕ್ಸು, ಪೆನ್ಷನ್ ಎಲ್ಲವನ್ನೂ ಒಬ್ಬರೇ ನೋಡಿಕೊಂಡು ಬಂದಿರುತ್ತಾರೆ. ಅವರು ತೀರಿಕೊಂಡಾಗ ಉಳಿದವರಿಗೆ ದುಃಖದ ಜೊತೆಗೆ ಕಾಗದಪತ್ರಗಳ ರಾಶಿಯೂ ಎದುರಾಗುತ್ತದೆ. ಇನ್ನೊಂದು ಕಡೆ ನಿನ್ನೆ ಮೊನ್ನೆ ಎಚ್-1ಬಿ ವೀಸಾದಲ್ಲಿ ಹೋದ ಚಿಕ್ಕ ವಯಸ್ಸಿನ ಕುಟುಂಬಗಳಿವೆ. ಅಲ್ಲಿ ಸಾವು ಬಂದರೆ, "ನಾವಿನ್ನೂ ಹತ್ತು ವರ್ಷ ಕೆಲಸ ಮಾಡಿಲ್ಲ, ನಮಗೇನು ಸಿಗುತ್ತೆ" ಎಂದು ಕೇಳುವುದನ್ನೇ ಬಿಟ್ಟುಬಿಡುತ್ತಾರೆ.

ಇಬ್ಬರಿಗೂ ಗೊತ್ತಿರಬೇಕಾದ ಮುಖ್ಯ ವಿಷಯ ಒಂದಿದೆ. ಸಂಗಾತಿ ತೀರಿಕೊಂಡಾಗ ಸೋಷಿಯಲ್ ಸೆಕ್ಯುರಿಟಿ ಎಂಬ ಅಮೆರಿಕ ಸರ್ಕಾರದ ಪೆನ್ಷನ್ ಮತ್ತು ವಿಮೆ ಯೋಜನೆಯಿಂದ ಸಿಗುವ ಹಣ ಹೆಚ್ಚಿನವರಿಗೆ ತಾನಾಗಿ ಬರುವುದಿಲ್ಲ, ಕೇಳಬೇಕು. ಯಾವಾಗ ಕೇಳುತ್ತೀರಿ, ಯಾವುದನ್ನು ಮೊದಲು ಕೇಳುತ್ತೀರಿ ಎನ್ನುವುದರ ಮೇಲೆ ಮುಂದಿನ ಇಪ್ಪತ್ತು ಮೂವತ್ತು ವರ್ಷದ ಆದಾಯ ನಿಂತಿರುತ್ತದೆ.

ಈ ಹಣ ಎಲ್ಲಿಂದ ಬರುತ್ತದೆ

ಅಮೆರಿಕದಲ್ಲಿ ಸಂಬಳ ಪಡೆಯುವ ಹೆಚ್ಚಿನವರ ಪೇ ಸ್ಲಿಪ್‌ನಲ್ಲಿ ಸೋಷಿಯಲ್ ಸೆಕ್ಯುರಿಟಿ ಹೆಸರಲ್ಲಿ ಶೇ. 6.2 ಕಡಿತ ಇರುತ್ತದೆ. ಕಂಪನಿಯೂ ಅಷ್ಟೇ ಮೊತ್ತ ಹಾಕುತ್ತದೆ. ಸ್ವಂತ ಉದ್ಯೋಗ ಮಾಡುವವರು ಎರಡೂ ಪಾಲು ಸೇರಿ ಶೇ. 12.4 ಕಟ್ಟುತ್ತಾರೆ. ಇದನ್ನು ಬರೀ ಮುಪ್ಪಿನ ಪೆನ್ಷನ್‌ಗೆ ಕಟ್ಟುವ ಹಣ ಎಂದು ತುಂಬಾ ಜನ ತಿಳಿದಿದ್ದಾರೆ. ಆದರೆ ಈ ಯೋಜನೆ ಶುರುವಾಗಿದ್ದು 1935ರ ಕಾನೂನಿನಿಂದ. 1939ರಲ್ಲೇ ಅದಕ್ಕೆ ತಿದ್ದುಪಡಿ ತಂದು, ದುಡಿಯುವವರು ತೀರಿಕೊಂಡರೆ ಅವರ ಕುಟುಂಬಕ್ಕೂ ತಿಂಗಳು ತಿಂಗಳು ಹಣ ಕೊಡುವ ವ್ಯವಸ್ಥೆ ಸೇರಿಸಿದರು. ಇದನ್ನೇ ಸರ್ವೈವರ್ ಬೆನಿಫಿಟ್ ಎನ್ನುತ್ತಾರೆ.

ಇದು ದಾನವಲ್ಲ, ಬಡವರಿಗೆಂದೇ ಇರುವ ಸಹಾಯವೂ ಅಲ್ಲ. ಬ್ಯಾಂಕಿನಲ್ಲಿ ಎಷ್ಟಿದೆ, ಮನೆ ಇದೆಯಾ ಎಂದು ಯಾರೂ ಕೇಳುವುದಿಲ್ಲ. ತೀರಿಕೊಂಡವರು ಬದುಕಿದ್ದಾಗ ಕಟ್ಟಿದ ವಿಮೆ ಇದು. ಕೇಳಲು ಸಂಕೋಚಪಡುವ ಹಿರಿಯರಿಗೆ ಮನೆಯವರು ಮೊದಲು ಹೇಳಬೇಕಾದ ಮಾತು ಇದೇ.

ಎಷ್ಟು ವರ್ಷ ದುಡಿದಿರಬೇಕು

ಸೋಷಿಯಲ್ ಸೆಕ್ಯುರಿಟಿ ಕೆಲಸದ ಲೆಕ್ಕವನ್ನು ಕ್ರೆಡಿಟ್‌ಗಳಲ್ಲಿ ಇಡುತ್ತದೆ. 2025ರಲ್ಲಿ 1,810 ಡಾಲರ್ ದುಡಿದರೆ ಒಂದು ಕ್ರೆಡಿಟ್ ಸಿಗುತ್ತಿತ್ತು. ಎಷ್ಟೇ ಸಂಬಳ ಇದ್ದರೂ ವರ್ಷಕ್ಕೆ ನಾಲ್ಕಕ್ಕಿಂತ ಜಾಸ್ತಿ ಇಲ್ಲ. ಸ್ವಂತ ಪೆನ್ಷನ್‌ಗೆ 40 ಕ್ರೆಡಿಟ್ ಬೇಕು, ಅಂದರೆ ಹತ್ತು ವರ್ಷದ ಕೆಲಸ.

ಸಾವಿನ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ. ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡಷ್ಟೂ ಬೇಕಾಗುವ ಕ್ರೆಡಿಟ್ ಕಡಿಮೆ. ಇದರ ಜೊತೆಗೆ ಒಂದು ವಿಶೇಷ ನಿಯಮವೂ ಇದೆ. ಸಾವಿಗೆ ಮುಂಚಿನ ಮೂರು ವರ್ಷಗಳಲ್ಲಿ ಒಂದೂವರೆ ವರ್ಷದಷ್ಟು, ಅಂದರೆ 6 ಕ್ರೆಡಿಟ್ ಇದ್ದರೆ ಸಾಕು. ಮಕ್ಕಳಿಗೆ ಮತ್ತು ಆ ಮಕ್ಕಳನ್ನು ಸಾಕುತ್ತಿರುವ ಸಂಗಾತಿಗೆ ಹಣ ಸಿಗಬಹುದು. ಅಮೆರಿಕಕ್ಕೆ ಹೋಗಿ ಎರಡು ಮೂರು ವರ್ಷವಾದ ಕುಟುಂಬ ಈ ಒಂದು ಸಾಲನ್ನು ನೆನಪಿಟ್ಟುಕೊಂಡರೂ ಸಾಕು. ಹತ್ತು ವರ್ಷ ಆಗಿಲ್ಲ ಎಂಬ ಕಾರಣಕ್ಕೆ ಯಾರೂ ಕೇಳದೆ ಇರಬಾರದು.

ಯಾರಿಗೆ, ಎಷ್ಟು

ಲೆಕ್ಕ ಶುರುವಾಗುವುದು ತೀರಿಕೊಂಡವರ ಪೂರ್ಣ ಪೆನ್ಷನ್‌ನಿಂದ. ಅವರು ಪೂರ್ಣ ನಿವೃತ್ತಿ ವಯಸ್ಸಿನಲ್ಲಿ ಪಡೆಯಬಹುದಾಗಿದ್ದ ತಿಂಗಳ ಮೊತ್ತ ಅದು. ಉಳಿದವರಿಗೆ ಸಿಗುವುದು ಅದರ ಒಂದು ಪಾಲು.

ಗಂಡ ಅಥವಾ ಹೆಂಡತಿ 60 ವರ್ಷದಿಂದ ಕೇಳಬಹುದು. ನಿಯಮ ಇಬ್ಬರಿಗೂ ಒಂದೇ. 60ಕ್ಕೇ ತೆಗೆದುಕೊಂಡರೆ ಶೇ. 71.5 ಸಿಗುತ್ತದೆ. ತಡ ಮಾಡಿದಷ್ಟೂ ಈ ಪಾಲು ಏರುತ್ತಾ ಹೋಗಿ, ಪೂರ್ಣ ವಯಸ್ಸಿಗೆ ಶೇ. 100 ಆಗುತ್ತದೆ. 1962 ಅಥವಾ ಆಮೇಲೆ ಹುಟ್ಟಿದವರಿಗೆ ಆ ಪೂರ್ಣ ವಯಸ್ಸು 67. ಅದಕ್ಕಿಂತ ಹಿರಿಯರಿಗೆ ತುಸು ಮೊದಲೇ ಬರುತ್ತದೆ. ಅಂಗವೈಕಲ್ಯ ಇರುವವರು 50ರಿಂದಲೇ ಕೇಳಬಹುದು, ಆದರೆ ಆ ತೊಂದರೆ ಸಾಮಾನ್ಯವಾಗಿ ಸಂಗಾತಿಯ ಸಾವಿಗೆ ಮುಂಚೆ ಅಥವಾ ಸಾವಾದ ಏಳು ವರ್ಷದೊಳಗೆ ಶುರುವಾಗಿರಬೇಕು.

ತೀರಿಕೊಂಡವರ 16 ವರ್ಷದೊಳಗಿನ ಮಗು ನಿಮ್ಮ ಹತ್ತಿರ ಬೆಳೆಯುತ್ತಿದ್ದರೆ ನಿಮಗೆ ವಯಸ್ಸಿನ ಮಿತಿಯೇ ಇಲ್ಲ. ಮೂವತ್ತು ವರ್ಷದ ತಾಯಿಗೂ ಶೇ. 75 ಸಿಗಬಹುದು. ಮಗುವಿಗೆ ಬೇರೆಯಾಗಿ ಶೇ. 75. ಮಗುವಿನ ಹಣ 18 ವರ್ಷದವರೆಗೆ ಬರುತ್ತದೆ, ಇನ್ನೂ ಹೈಸ್ಕೂಲಿನಲ್ಲಿ ಪೂರ್ಣಕಾಲ ಓದುತ್ತಿದ್ದರೆ 19ರವರೆಗೆ. 22 ವರ್ಷಕ್ಕೆ ಮುಂಚೆ ಅಂಗವೈಕಲ್ಯ ಬಂದ ಮಕ್ಕಳಿಗೆ ಆಮೇಲೂ ಮುಂದುವರಿಯಬಹುದು. ತೀರಿಕೊಂಡವರನ್ನೇ ಅವಲಂಬಿಸಿದ್ದ 62 ದಾಟಿದ ತಂದೆ ತಾಯಿಗೂ ಹಕ್ಕಿದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಎಲ್ಲರ ಪಾಲನ್ನೂ ಕೂಡಿದರೆ ಮೊತ್ತ ದೊಡ್ಡದಾಗುತ್ತದಲ್ವಾ? ಅದಕ್ಕೊಂದು ಮಿತಿ ಇಟ್ಟಿದ್ದಾರೆ. ಒಂದು ಕುಟುಂಬಕ್ಕೆ ಒಟ್ಟಾರೆ ಸಿಗುವುದು ತೀರಿಕೊಂಡವರ ಪೂರ್ಣ ಪೆನ್ಷನ್‌ನ ಸುಮಾರು ಶೇ. 150ರಿಂದ 180ರವರೆಗೆ. ಅದನ್ನು ಮೀರಿದರೆ ಎಲ್ಲರ ಪಾಲೂ ಸ್ವಲ್ಪ ಸ್ವಲ್ಪ ತಗ್ಗುತ್ತದೆ.

ಮದುವೆಯಾಗಿ ಸಾಮಾನ್ಯವಾಗಿ ಕನಿಷ್ಠ ಒಂಬತ್ತು ತಿಂಗಳು ಆಗಿರಬೇಕು. ಸಾವು ಅಪಘಾತದಿಂದ ಆಗಿದ್ದರೆ, ಅಥವಾ ಇಬ್ಬರಿಗೂ ಮಗು ಇದ್ದರೆ ಈ ನಿಯಮ ಸಡಿಲವಾಗುತ್ತದೆ.

ಚಿಕ್ಕ ಮಕ್ಕಳ ತಾಯಂದಿರು ಒಂದು ವಿಷಯ ಮೊದಲೇ ತಿಳಿದಿರಲಿ. ಕೊನೆಯ ಮಗುವಿಗೆ 16 ತುಂಬಿದಾಗ ತಾಯಿಯ ಪಾಲು ನಿಲ್ಲುತ್ತದೆ. ಆಮೇಲೆ ಆಕೆಗೆ 60 ಆಗುವವರೆಗೆ ಏನೂ ಬರುವುದಿಲ್ಲ. ನಡುವಿನ ಈ ವರ್ಷಗಳಿಗೆ ಬೇರೆ ಆದಾಯದ ದಾರಿ ನೋಡಿಕೊಳ್ಳಬೇಕು.

ಎರಡು ಪೆನ್ಷನ್ ಇದ್ದ ಮನೆಯಲ್ಲಿ

ಇಲ್ಲಿ ಆಗುವಷ್ಟು ಗೊಂದಲ ಬೇರೆಲ್ಲೂ ಆಗುವುದಿಲ್ಲ. ಗಂಡನಿಗೆ ತಿಂಗಳಿಗೆ 2,800 ಡಾಲರ್, ಹೆಂಡತಿಗೆ ಸ್ವಂತ ದುಡಿಮೆಯಿಂದ 1,300 ಡಾಲರ್ ಬರುತ್ತಿತ್ತು ಎಂದುಕೊಳ್ಳಿ. ಗಂಡ ತೀರಿಕೊಂಡರು. ಇನ್ನು ಮುಂದೆ 4,100 ಬರುವುದಿಲ್ಲ. ಎದುರಿಗೆ ಎರಡು ಕೊಡ ಇದ್ದರೂ ಮನೆಗೆ ಹೊತ್ತು ತರಲು ಬಿಡುವುದು ದೊಡ್ಡ ಕೊಡ ಒಂದನ್ನೇ. ಪೂರ್ಣ ವಯಸ್ಸು ದಾಟಿದ್ದರೆ ಆಕೆಯ ಕೈಗೆ ಒಟ್ಟು 2,800 ಬರುತ್ತದೆ. ಆದಾಯದಲ್ಲಿ ಒಂದೇ ತಿಂಗಳಿಗೆ 1,300 ಡಾಲರ್ ಇಳಿತ. ಬಾಡಿಗೆ, ಆಸ್ತಿ ತೆರಿಗೆ, ವಿಮೆ ಇವೆಲ್ಲ ಅರ್ಧಕ್ಕೆ ಇಳಿಯುವುದಿಲ್ಲ. ದಂಪತಿ ಇಬ್ಬರೂ ಇರುವಾಗಲೇ ಈ ಲೆಕ್ಕ ಹಾಕಿಟ್ಟುಕೊಂಡರೆ ಆಮೇಲಿನ ಪೆಟ್ಟು ಕಡಿಮೆಯಾಗುತ್ತದೆ.

ತೀರಿಕೊಂಡವರು ಯಾವಾಗ ಪೆನ್ಷನ್ ಶುರು ಮಾಡಿದ್ದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅವರು 70ರವರೆಗೆ ಕಾದಿದ್ದರೆ ಕಾದದ್ದಕ್ಕೆ ಸಿಕ್ಕ ಹೆಚ್ಚುವರಿಯೂ ಉಳಿದವರಿಗೆ ಬರುತ್ತದೆ. 62ಕ್ಕೇ ಶುರು ಮಾಡಿದ್ದರೆ ಉಳಿದವರ ಮೊತ್ತಕ್ಕೂ ಮಿತಿ ಬೀಳುತ್ತದೆ. ಆಗ ತೀರಿಕೊಂಡವರು ಪಡೆಯುತ್ತಿದ್ದ ಮೊತ್ತ ಅಥವಾ ಅವರ ಪೂರ್ಣ ಪೆನ್ಷನ್‌ನ ಶೇ. 82.5, ಇವೆರಡರಲ್ಲಿ ಯಾವುದು ದೊಡ್ಡದೋ ಅದೇ ಉಳಿದವರ ಮಿತಿ. ಹಾಗಾಗಿ ಜಾಸ್ತಿ ಸಂಬಳ ಪಡೆದವರು ಪೆನ್ಷನ್ ಯಾವಾಗ ತೆಗೆದುಕೊಳ್ಳಬೇಕೆಂದು ಯೋಚಿಸುವಾಗ ತಮ್ಮ ಆಯುಷ್ಯವನ್ನಷ್ಟೇ ನೋಡಿದರೆ ಸಾಲದು. ಹಿಂದೆ ಉಳಿಯುವವರ ಆಯುಷ್ಯವನ್ನೂ ನೋಡಬೇಕು.

ಯಾವುದನ್ನು ಮೊದಲು ತೆಗೆದುಕೊಳ್ಳಬೇಕು

ಸಂಗಾತಿ ಬದುಕಿದ್ದಾಗ ಈಗಿನ ನಿಯಮದಲ್ಲಿ ಆಯ್ಕೆ ಕಡಿಮೆ. ಸ್ವಂತ ಪೆನ್ಷನ್, ಸಂಗಾತಿಯ ಲೆಕ್ಕದಲ್ಲಿ ಸಿಗುವ ಪಾಲು ಇವೆರಡರಲ್ಲಿ ಒಂದಕ್ಕೆ ಅರ್ಜಿ ಹಾಕಿದರೆ ಇನ್ನೊಂದಕ್ಕೂ ಹಾಕಿದಂತೆ. ಸಾವಿನ ನಂತರದ ಹಣಕ್ಕೆ ಈ ಕಟ್ಟು ಇಲ್ಲ. ನಿಮ್ಮ ಸ್ವಂತ ಪೆನ್ಷನ್ ಬೇರೆ, ಸಂಗಾತಿಯ ಕಡೆಯಿಂದ ಬರುವುದು ಬೇರೆ. ಒಂದನ್ನು ಮೊದಲು ತೆಗೆದುಕೊಂಡು, ಇನ್ನೊಂದನ್ನು ಬೆಳೆಯಲು ಬಿಟ್ಟು, ಆಮೇಲೆ ಅದಕ್ಕೆ ಬದಲಾಯಿಸಿಕೊಳ್ಳಬಹುದು.

ಎರಡೂ ಬೆಳೆಯುವ ರೀತಿ ಬೇರೆ ಬೇರೆ. ಸ್ವಂತ ಪೆನ್ಷನ್ ಪೂರ್ಣ ವಯಸ್ಸು ದಾಟಿದ ಮೇಲೂ ವರ್ಷಕ್ಕೆ ಶೇ. 8ರಂತೆ 70ರವರೆಗೆ ಏರುತ್ತದೆ. ಸರ್ವೈವರ್ ಬೆನಿಫಿಟ್ ಮಾತ್ರ ಪೂರ್ಣ ವಯಸ್ಸಿಗೇ ನಿಲ್ಲುತ್ತದೆ. 67ರ ಆಮೇಲೆ ಅದಕ್ಕಾಗಿ ಕಾಯುವುದು ಸುಮ್ನೆ ಹಣ ಕಳೆದುಕೊಂಡಂತೆ.

ಈಗ ಒಬ್ಬ ಹೆಂಗಸಿನ ಲೆಕ್ಕ ನೋಡೋಣ. ಗಂಡನ ಕಡೆಯಿಂದ ಪೂರ್ಣವಾಗಿ 1,800 ಡಾಲರ್, ಆಕೆಯ ಸ್ವಂತ ಪೆನ್ಷನ್ 67ಕ್ಕೆ 2,000. ಆಕೆ ಕೆಲಸ ಬಿಟ್ಟಿದ್ದಾರೆ. 60ಕ್ಕೆ ಗಂಡನ ಕಡೆಯದನ್ನು ತೆಗೆದುಕೊಂಡರೆ ತಿಂಗಳಿಗೆ 1,287 ಬರುತ್ತದೆ. ಸ್ವಂತದ್ದನ್ನು 70ರವರೆಗೆ ಮುಟ್ಟದೆ ಬಿಟ್ಟರೆ ಅದು 2,480 ಆಗಿರುತ್ತದೆ. ಆಗ ಅದಕ್ಕೆ ಬದಲಾಯಿಸಿಕೊಳ್ಳುತ್ತಾರೆ.

ಇನ್ನೊಬ್ಬರ ಲೆಕ್ಕ ಇದಕ್ಕೆ ತಿರುಗುಮುರುಗು. ಗಂಡನ ಕಡೆಯಿಂದ 2,400, ಸ್ವಂತದ್ದು ಬರೀ 1,000. ಇವರು 62ಕ್ಕೆ ಸ್ವಂತ ಪೆನ್ಷನ್ ಶುರು ಮಾಡಿದರೆ 700 ಬರುತ್ತದೆ. 67ರಲ್ಲಿ ಗಂಡನ ಕಡೆಯ ಪೂರ್ತಿ 2,400ಕ್ಕೆ ಬದಲಾಯಿಸಿಕೊಳ್ಳಬಹುದು. ಸ್ವಂತದ್ದನ್ನು ಬೇಗ ತೆಗೆದುಕೊಂಡಿದ್ದಕ್ಕೆ ಗಂಡನ ಕಡೆಯದಕ್ಕೆ ಕಡಿತ ಬೀಳುವುದಿಲ್ಲ.

ಇದು ಆರೋಗ್ಯವನ್ನೂ ಕೈಯಲ್ಲಿರುವ ಉಳಿತಾಯವನ್ನೂ ಅವಲಂಬಿಸಿದ ನಿರ್ಧಾರ. ಈ ತಿಂಗಳ ಖರ್ಚಿಗೇ ಹಣ ಇಲ್ಲದವರು ಕಾಯಲು ಆಗುವುದಿಲ್ಲ, ಕಾಯಬೇಕಾಗಿಯೂ ಇಲ್ಲ. ಆದರೆ ಅರ್ಜಿ ಹಾಕುವಾಗ ಯಾವುದಕ್ಕೆ ಹಾಕುತ್ತಿದ್ದೀರಿ ಎಂದು ಬಾಯಿಬಿಟ್ಟು ಹೇಳಿ. "ನಾನು ಈಗ ಸರ್ವೈವರ್ ಬೆನಿಫಿಟ್‌ಗೆ ಮಾತ್ರ ಅರ್ಜಿ ಹಾಕುತ್ತಿದ್ದೇನೆ, ನನ್ನ ಸ್ವಂತ ಪೆನ್ಷನ್‌ಗೆ ಅಲ್ಲ" ಎಂಬ ಮಾತು ಅರ್ಜಿಯಲ್ಲೂ ಬರಹದಲ್ಲಿ ಇರುವಂತೆ ನೋಡಿಕೊಳ್ಳಿ. ಸಹಿ ಹಾಕುವ ಮುಂಚೆ ಓದಿ.

ಡೈವೋರ್ಸ್ ಆಗಿದ್ದರೆ

ಬೇರೆಯಾದ ಮೇಲೂ ಹಕ್ಕು ಉಳಿಯುತ್ತದೆ. ಮದುವೆ ಕನಿಷ್ಠ ಹತ್ತು ವರ್ಷ ನಡೆದಿದ್ದರೆ, ಮಾಜಿ ಸಂಗಾತಿ ತೀರಿಕೊಂಡಾಗ ನಿಮಗೂ ಗಂಡ ಅಥವಾ ಹೆಂಡತಿಗೆ ಸಿಗುವಷ್ಟೇ ಪಾಲು ಸಿಗಬಹುದು. ವಯಸ್ಸಿನ ನಿಯಮಗಳೂ ಅವೇ. ಅವರ 16 ವರ್ಷದೊಳಗಿನ ಮಗುವನ್ನು ನೀವು ಸಾಕುತ್ತಿದ್ದರೆ ಹತ್ತು ವರ್ಷದ ಷರತ್ತು ಅನ್ವಯಿಸುವುದಿಲ್ಲ.

ಅವರು ಇನ್ನೊಂದು ಮದುವೆ ಆಗಿದ್ದರೆ? ಪರವಾಗಿಲ್ಲ. ಬೇರೆಯಾದವರ ಪಾಲು ಆ ಹೊಸ ಸಂಗಾತಿಯ ಪಾಲನ್ನು ಕಡಿಮೆ ಮಾಡುವುದಿಲ್ಲ. ವಯಸ್ಸಿನ ಆಧಾರದ ಮೇಲೆ ನೀವು ಪಡೆಯುವ ಹಣ ಕುಟುಂಬದ ಒಟ್ಟು ಮಿತಿಯ ಒಳಗೂ ಬರುವುದಿಲ್ಲ. "ಅವರ ಮನೆಯವರ ಹಣ ಕಿತ್ತುಕೊಂಡ ಹಾಗಾಗುತ್ತೆ" ಎಂದು ಹಿಂಜರಿಯುವವರು ಈ ಭಯವನ್ನು ಬಿಡಬಹುದು.

ನೀವೇ ಮತ್ತೆ ಮದುವೆಯಾದರೆ ವಯಸ್ಸು ಮುಖ್ಯ. ಇದು ವಿಧವೆ, ವಿಧುರ, ವಿಚ್ಛೇದಿತರು ಎಲ್ಲರಿಗೂ ಅನ್ವಯಿಸುತ್ತದೆ. 60ಕ್ಕೆ ಮುಂಚೆ ಮರುಮದುವೆ ಆದರೆ, ಆ ಮದುವೆ ಇರುವವರೆಗೆ ಹಿಂದಿನ ಸಂಗಾತಿಯ ಕಡೆಯ ಹಣ ಸಾಮಾನ್ಯವಾಗಿ ಸಿಗುವುದಿಲ್ಲ. 60 ತುಂಬಿದ ಮೇಲೆ ಆದರೆ ಹಕ್ಕಿಗೆ ಧಕ್ಕೆ ಇಲ್ಲ. ಅಂಗವೈಕಲ್ಯ ಇರುವವರಿಗೆ ಈ ಗಡಿ 50. 59ರಲ್ಲಿ ಮದುವೆ ದಿನ ಗೊತ್ತು ಮಾಡುತ್ತಿರುವವರು ಕೆಲವು ತಿಂಗಳು ಮುಂದೂಡಿದರೆ ಎಷ್ಟು ವ್ಯತ್ಯಾಸ ಆಗುತ್ತದೆ ಎಂದು ಲೆಕ್ಕ ಹಾಕುವುದು ಒಳ್ಳೆಯದು.

ಕೆಲಸ ಮಾಡುತ್ತಿದ್ದರೆ

ಪೂರ್ಣ ವಯಸ್ಸಿಗೆ ಮುಂಚೆ ಈ ಹಣ ಪಡೆಯುತ್ತಾ ಕೆಲಸವನ್ನೂ ಮಾಡುತ್ತಿದ್ದರೆ ಸಂಬಳಕ್ಕೊಂದು ಗಡಿ ಇದೆ. 2025ರಲ್ಲಿ ಅದು ವರ್ಷಕ್ಕೆ 23,400 ಡಾಲರ್ ಇತ್ತು. ಅದಕ್ಕಿಂತ ಮೇಲೆ ದುಡಿದ ಪ್ರತಿ 2 ಡಾಲರಿಗೆ 1 ಡಾಲರ್ ಹಿಡಿದಿಡುತ್ತಾರೆ. ಪೂರ್ಣ ವಯಸ್ಸು ತಲುಪಿದ ಮೇಲೆ ಈ ಗಡಿ ಇಲ್ಲ. ಒಳ್ಳೆಯ ಸಂಬಳದ ಕೆಲಸದಲ್ಲಿ ಇರುವವರಿಗೆ 60ಕ್ಕೆ ಅರ್ಜಿ ಹಾಕಿ ಹೆಚ್ಚು ಪ್ರಯೋಜನ ಆಗದೇ ಇರಬಹುದು.

ಆದರೆ ತಾಯಿಯ ಸಂಬಳ ಎಷ್ಟೇ ಇರಲಿ, ಅದು ಮಗುವಿನ ಪಾಲನ್ನು ಮುಟ್ಟುವುದಿಲ್ಲ. "ನನಗೆ ಒಳ್ಳೆ ಕೆಲಸ ಇದೆ, ನಮಗೆ ಬರಲ್ಲ" ಎಂದುಕೊಂಡು ಮಕ್ಕಳ ಹೆಸರಲ್ಲೂ ಅರ್ಜಿ ಹಾಕದೆ ಇರುವುದು ದೊಡ್ಡ ನಷ್ಟ. ಮಗುವಿನ ಹಣವನ್ನು ತೆರಿಗೆಗೆ ಮಗುವಿನ ಆದಾಯವೆಂದೇ ಎಣಿಸುತ್ತಾರೆ. ದೊಡ್ಡವರ ಪಾಲಿಗೆ ಇತರ ಆದಾಯ ನೋಡಿಕೊಂಡು ಶೇ. 85ರವರೆಗೆ ಕೇಂದ್ರ ಸರ್ಕಾರದ ತೆರಿಗೆ ಲೆಕ್ಕಕ್ಕೆ ಬರಬಹುದು.

ಸೋಷಿಯಲ್ ಸೆಕ್ಯುರಿಟಿ ಕಟ್ಟದ ಸರ್ಕಾರಿ ಕೆಲಸದಿಂದ ಪೆನ್ಷನ್ ಪಡೆಯುವವರಿಗೂ ಒಂದು ಸುದ್ದಿ ಇದೆ. ಕೆಲವು ರಾಜ್ಯಗಳ ಶಾಲಾ ಶಿಕ್ಷಕರು ಈ ಗುಂಪಿಗೆ ಸೇರುತ್ತಾರೆ. ಮುಂಚೆ ಇವರ ಸರ್ವೈವರ್ ಬೆನಿಫಿಟ್ ಕಡಿತವಾಗುತ್ತಿತ್ತು, ಕೆಲವರಿಗೆ ಏನೂ ಉಳಿಯುತ್ತಿರಲಿಲ್ಲ. 2025ರ ಜನವರಿ 5ರಂದು ಸಹಿಯಾದ ಸೋಷಿಯಲ್ ಸೆಕ್ಯುರಿಟಿ ಫೇರ್‌ನೆಸ್ ಆಕ್ಟ್ ಆ ಕಡಿತವನ್ನು ತೆಗೆದುಹಾಕಿತು. 2024ರ ಜನವರಿಯಿಂದ ಸಿಗಬೇಕಾದ ಹಣಕ್ಕೆ ಇದು ಅನ್ವಯಿಸುತ್ತದೆ. ಹಿಂದೆ "ನಿಮಗೆ ಏನೂ ಬರುವುದಿಲ್ಲ" ಎಂದು ಕೇಳಿಸಿಕೊಂಡು ಸುಮ್ಮನಾದವರು ಈಗ ಮತ್ತೆ ಕೇಳಬೇಕು.

ಮೊದಲ ದಿನಗಳಲ್ಲಿ ಏನು ಮಾಡಬೇಕು

ಸಾವಿನ ಸುದ್ದಿಯನ್ನು ಸಾಮಾನ್ಯವಾಗಿ ಅಂತ್ಯಕ್ರಿಯೆ ನಡೆಸಿಕೊಡುವ ಫ್ಯೂನರಲ್ ಹೋಮ್‌ನವರೇ ಸೋಷಿಯಲ್ ಸೆಕ್ಯುರಿಟಿಗೆ ತಿಳಿಸುತ್ತಾರೆ. ಅವರಿಗೆ ತೀರಿಕೊಂಡವರ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೊಡಿ. ತಿಳಿಸಿದ್ದಾರೆಯೇ ಎಂದು ಖಚಿತ ಮಾಡಿಕೊಳ್ಳಿ. ಸುದ್ದಿ ತಿಳಿಸುವುದು ಬೇರೆ, ಅರ್ಜಿ ಹಾಕುವುದು ಬೇರೆ. ಬದುಕಿದ್ದಾಗಲೇ ಸಂಗಾತಿಯ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದವರಿಗೆ ಅದು ಸಾಮಾನ್ಯವಾಗಿ ತಾನಾಗಿ ಸರ್ವೈವರ್ ಬೆನಿಫಿಟ್ ಆಗಿ ಬದಲಾಗುತ್ತದೆ. ಸ್ವಂತ ಪೆನ್ಷನ್ ಪಡೆಯುತ್ತಿರುವವರು, ಏನನ್ನೂ ಪಡೆಯದವರು ಅರ್ಜಿ ಹಾಕಲೇಬೇಕು.

ಈ ಅರ್ಜಿಯನ್ನು ನಿವೃತ್ತಿ ಪೆನ್ಷನ್ ಅರ್ಜಿಯ ಹಾಗೆ ವೆಬ್‌ಸೈಟಿನಲ್ಲಿ ತುಂಬಿ ಕಳಿಸಲು ಆಗುವುದಿಲ್ಲ. 1-800-772-1213ಕ್ಕೆ ಫೋನ್ ಮಾಡಬೇಕು, ಇಲ್ಲವೇ ಹತ್ತಿರದ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಪಡೆಯಬೇಕು. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಎಂದು ಕೇಳಬಹುದು, ಅದಕ್ಕೆ ಹಣ ಕೊಡಬೇಕಿಲ್ಲ. ಅಮ್ಮನಿಗೋ ಅತ್ತೆಗೋ ಈ ಕೆಲಸ ಮಾಡಿಕೊಡುವ ಮಕ್ಕಳು ಫೋನ್ ಹೊತ್ತಿನಲ್ಲಿ ಅವರ ಪಕ್ಕದಲ್ಲೇ ಕೂತಿರಿ. ಅಧಿಕಾರಿ ಅರ್ಜಿದಾರರ ಜೊತೆ ನೇರವಾಗಿ ಮಾತಾಡಬೇಕಾಗುತ್ತದೆ.

ಡೆತ್ ಸರ್ಟಿಫಿಕೇಟ್, ಮದುವೆಯ ದಾಖಲೆ, ಬೇರೆಯಾಗಿದ್ದರೆ ಡೈವೋರ್ಸ್ ಡಿಕ್ರಿ, ನಿಮ್ಮ ಜನನ ಪ್ರಮಾಣಪತ್ರ, ಇಬ್ಬರ ಮತ್ತು ಮಕ್ಕಳ ಸೋಷಿಯಲ್ ಸೆಕ್ಯುರಿಟಿ ನಂಬರ್, ತೀರಿಕೊಂಡವರ ಹಿಂದಿನ ವರ್ಷದ ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳದ ವಿವರ), ಬ್ಯಾಂಕ್ ಖಾತೆಯ ವಿವರ. ಇವು ಕೈಯಲ್ಲಿದ್ದರೆ ಕೆಲಸ ಸಲೀಸು. ಹಿಂದಿನ ತಲೆಮಾರಿನವರಲ್ಲಿ ಛತ್ರದಲ್ಲೋ ದೇವಸ್ಥಾನದಲ್ಲೋ ಮದುವೆಯಾಗಿ ರಿಜಿಸ್ಟರ್ ಮಾಡಿಸದವರು ಇದ್ದಾರೆ. ಅಂಥವರು ಬೇರೆ ಯಾವ ಸಾಕ್ಷಿ ನಡೆಯುತ್ತದೆ ಎಂದು ಕಚೇರಿಯಲ್ಲೇ ಕೇಳಲಿ. ಕಾಗದ ಸಿಕ್ಕಿಲ್ಲ ಎಂದು ಅರ್ಜಿಯನ್ನೇ ತಡ ಮಾಡಬೇಡಿ. ಹಿಂದಿನ ತಿಂಗಳುಗಳ ಹಣ ಸಿಗುವುದಕ್ಕೆ ಮಿತಿ ಇದೆ. ಪೂರ್ಣ ವಯಸ್ಸು ದಾಟಿದವರಿಗೂ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹಿಂದಿನದು ಸಿಗುವುದಿಲ್ಲ.

ಬ್ಯಾಂಕ್ ಖಾತೆಯ ಮೇಲೆ ಒಂದು ಕಣ್ಣಿರಲಿ. ಪೆನ್ಷನ್ ಒಂದು ತಿಂಗಳು ಹಿಂದೆ ನಡೆಯುತ್ತದೆ. ಜುಲೈ ತಿಂಗಳದ್ದು ಆಗಸ್ಟ್‌ನಲ್ಲಿ ಬರುತ್ತದೆ. ತೀರಿಕೊಂಡ ತಿಂಗಳಿಗೆ ಪೆನ್ಷನ್ ಇಲ್ಲ. ಜುಲೈ 30ರಂದು ಸಾವಾದರೂ ಆಗಸ್ಟ್‌ನಲ್ಲಿ ಬಂದ ಹಣ ವಾಪಸ್ ಹೋಗಬೇಕು. ಅದನ್ನು ಖರ್ಚು ಮಾಡಬೇಡಿ.

ಇದಲ್ಲದೆ ಒಂದು ಸಲ ಕೊಡುವ 255 ಡಾಲರ್ ಇದೆ. ಜೊತೆಯಲ್ಲಿ ವಾಸವಿದ್ದ ಸಂಗಾತಿಗೆ, ಅವರಿಲ್ಲದಿದ್ದರೆ ಅರ್ಹ ಮಗುವಿಗೆ ಇದು ಸಿಗುತ್ತದೆ. ಮೊತ್ತ ಚಿಕ್ಕದು. ಅದಕ್ಕೂ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು.

ಊರಿಗೆ ವಾಪಸ್ ಹೋದರೆ

ಗಂಡ ಹೋದ ಮೇಲೆ ಎಷ್ಟೋ ಜನ ಭಾರತಕ್ಕೆ ಮರಳಲು ಯೋಚಿಸುತ್ತಾರೆ. ಅಮೆರಿಕದ ಪೌರತ್ವ ಇರುವವರಿಗೆ ಭಾರತದಲ್ಲೂ ಹಣ ಬರುತ್ತದೆ. ಅಲ್ಲಿ ಹುಟ್ಟಿ ಪೌರತ್ವ ಪಡೆದ ಮಕ್ಕಳಿಗೂ ಹಾಗೆಯೇ. ಪೌರತ್ವ ಇಲ್ಲದವರು, ಗ್ರೀನ್ ಕಾರ್ಡ್ ಇದ್ದರೂ, ಎಚ್ಚರ ವಹಿಸಬೇಕು. ಅಮೆರಿಕದ ಹೊರಗೆ ಸತತವಾಗಿ ಆರು ತಿಂಗಳು ಕಳೆದರೆ ಹಣ ನಿಲ್ಲಬಹುದು. ತೀರಿಕೊಂಡವರ ಕ್ರೆಡಿಟ್ ಎಷ್ಟಿತ್ತು, ನೀವು ಅವರ ಸಂಗಾತಿಯಾಗಿ ಅಮೆರಿಕದಲ್ಲಿ ಐದು ವರ್ಷ ವಾಸವಿದ್ದಿರಾ ಎಂಬಂಥ ವಿಷಯಗಳನ್ನು ನೋಡುತ್ತಾರೆ. ಸೋಷಿಯಲ್ ಸೆಕ್ಯುರಿಟಿ ವೆಬ್‌ಸೈಟಿನಲ್ಲಿ ಇದಕ್ಕೆಂದೇ ಒಂದು ಪ್ರಶ್ನಾವಳಿ ಇದೆ. ಟಿಕೆಟ್ ಬುಕ್ ಮಾಡುವ ಮುಂಚೆ ಅದನ್ನು ತುಂಬಿ ನೋಡಿ.

ಇಲ್ಲ ಎಂದರೆ

ಅರ್ಜಿ ತಿರಸ್ಕಾರವಾದರೆ, ಅಥವಾ ಮೊತ್ತ ತಪ್ಪು ಎನಿಸಿದರೆ, ಕಾರಣ ಬರೆದ ಪತ್ರ ಮನೆಗೆ ಬರುತ್ತದೆ. ಅದು ತಲುಪಿದ 60 ದಿನದೊಳಗೆ ಮರುಪರಿಶೀಲನೆ ಕೇಳಬಹುದು. ಮೊದಲು ನೋಡಿದ ಅಧಿಕಾರಿಯಲ್ಲದೆ ಬೇರೆಯವರು ಕಡತವನ್ನು ಮತ್ತೆ ನೋಡುತ್ತಾರೆ. ಆಗಲೂ ಒಪ್ಪಿಗೆ ಆಗದಿದ್ದರೆ ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕಿದೆ. ಬಂದ ಪತ್ರದ ಲಕೋಟೆಯನ್ನೂ ಎಸೆಯದೆ ಇಟ್ಟುಕೊಳ್ಳಿ, ಅದರ ಮೇಲಿನ ಅಂಚೆ ಮುದ್ರೆಯ ತಾರೀಖು ಈ 60 ದಿನದ ಲೆಕ್ಕಕ್ಕೆ ಬೇಕಾಗಬಹುದು.